ಹನ್ನೊಂದು ಡಬ್ಬ ಅಲಸಂಡೆ

ದಿವಾ ಸ್ಟೇಷನ್ ದಾಟಿ ಸ್ಲೋ ಲೋಕಲ್ ಮುಂಬ್ರಾ ಕಡೆ ಹೊರಳುವಾಗ ಹಿನ್ನೀರಿನ ಖಾಡಿಯ ಕೆಸರಿನ ವಾಸನೆ ಬೋಗಿಯೊಳಗೆ ನುಗ್ಗುತ್ತದೆ. ಸಮುದ್ರ ಇಳಿದ ಹೊತ್ತಾದರೆ ಇನ್ನೂ ಜೋರು. ಕೆಟ್ಟ ಮೊಟ್ಟೆಯನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟಂಥ ವಾಸನೆ. ಕಳೆದ ವಾರ ಪಕ್ಕದಲ್ಲಿ ನಿಂತಿದ್ದಾಕೆ ಓಢಣಿಯಿಂದ ಮೂಗು ಮುಚ್ಚಿಕೊಂಡು, ಇದರಲ್ಲಿ ನಗುವಂಥದ್ದೇನಿದೆ ಎಂದು ಹಿಂದಿಯಲ್ಲಿ ಕೇಳಿದಳು. ನಾನು ನಗುತ್ತಿದ್ದೆ ಎನ್ನುವುದು ಅವಳು ಕೇಳಿದ ಮೇಲೆಯೇ ನನಗೆ ಗೊತ್ತಾಗಿದ್ದು.

ಅದು ಉಸಿರು ಸಿಗದ ಮಣ್ಣಿನ ವಾಸನೆ. ಅದನ್ನು ನಾನು ಮೊದಲು ಮೂಸಿದ್ದು ಖಾಡಿಯಲ್ಲಲ್ಲ, ಡೊಂಬಿವಲಿ ಪೂರ್ವದಲ್ಲಿರುವ ನಮ್ಮ ನಾಲ್ಕು ಮಹಡಿಯ ಕಟ್ಟಡದ ಟೆರೇಸಿನ ಮೇಲೆ, ಒಂದು ಪೇಂಟ್ ಡಬ್ಬದೊಳಗೆ. ಆ ಮಳೆಗಾಲದಲ್ಲಿ ನಾನು ಒಂದು ವಾದ ಗೆದ್ದೆ. ಗೆದ್ದದ್ದರಿಂದ ಆದ ಅನಾಹುತವನ್ನು ಸರಿಪಡಿಸುವುದರಲ್ಲೇ ಉಳಿದ ಮಳೆಗಾಲ ಕಳೆಯಿತು. ಅಷ್ಟು ಖುಷಿಯ ಮಳೆಗಾಲ ನನ್ನ ಬದುಕಿನಲ್ಲಿ ಮತ್ತೆ ಬಂದಿಲ್ಲ.

ಆಗ ಬಿ.ಎ. ಕೊನೆಯ ವರ್ಷ. ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಮೂರು ಅಂಶ, ಒಂದು ಖಂಡನೆ, ಕೊನೆಗೆ ಒಂದು ಚುಚ್ಚು ಮಾತು. ನಾಲ್ಕು ನಿಮಿಷ ಕೊಟ್ಟರೆ ಯಾವ ಪಕ್ಷವನ್ನಾದರೂ ಗೆಲ್ಲಿಸಿಕೊಡುತ್ತಿದ್ದೆ. ಪುರಾವೆ ಎಲ್ಲಿ ಎಂದು ಕೇಳುವುದು ನನ್ನ ಚಟ. ಅವ್ವ ಹಾಲು ಒಡೆದಿದೆ ಎಂದರೂ ಪುರಾವೆ ಕೇಳುತ್ತಿದ್ದೆ. ಅದೇ ಪ್ರಶ್ನೆಯನ್ನು ಯಾರೂ ನನ್ನತ್ತ ತಿರುಗಿಸುತ್ತಿರಲಿಲ್ಲ. ನಾನು ಗೆದ್ದು ತಂದ ಕಪ್ಪುಗಳ ಗುಟ್ಟು ಅಷ್ಟೇ ಎಂದು ಈಗ ಅನಿಸುತ್ತದೆ.

ನಮ್ಮದು ಮೇಲಿನ ಮಹಡಿ. ಅಪ್ಪ ಬಾಗಲಕೋಟೆ ಕಡೆಯವರು, ಕಲ್ಯಾಣದಲ್ಲಿ ಬಟ್ಟೆ ಅಂಗಡಿ. ಆ ವರ್ಷ ಮೊದಲ ಮಳೆಗೇ ಮಲಗುವ ಕೋಣೆಯ ಛಾವಣಿ ಸೋರಿತು, ಅದೂ ಸರಿಯಾಗಿ ಕಪಾಟಿನ ನೆತ್ತಿಯ ಮೇಲೆ. ಅವ್ವ ಸೀರೆಗಳನ್ನೆಲ್ಲ ಹೊರಗೆ ತೆಗೆದು ಅಲ್ಲಿ ಬಕೆಟ್ ಇಟ್ಟಳು. ಸೋರಿಕೆಯ ಜಾಗದ ಮೇಲೆ, ಟೆರೇಸಿನ ಅದೇ ಮೂಲೆಯಲ್ಲಿ, ಒಂದನೇ ಮಹಡಿಯ ವಸಂತಕ್ಕನ ಹನ್ನೊಂದು ಪೇಂಟ್ ಡಬ್ಬಗಳಿದ್ದವು. ಡಬ್ಬಗಳಲ್ಲಿ ಅಲಸಂಡೆ. ಬಳ್ಳಿಗಳು ಹಗ್ಗ ಹಿಡಿದು ನೀರಿನ ಟಾಕಿಯ ಕಡೆಗೆ ಹಬ್ಬತೊಡಗಿದ್ದವು. ಅಪರಾಧಿ ಕಣ್ಣೆದುರಿಗೇ ನಿಂತಿದ್ದಾನೆ, ಇನ್ನು ವಿಚಾರಣೆ ಯಾತಕ್ಕೆ?

ವಸಂತಕ್ಕ ಕಾರ್ಕಳದ ಕಡೆಯವರು. ಅವರ ಯಜಮಾನರು ಠಾಣೆಯ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತು ನಿವೃತ್ತರಾದವರು. ಆ ಅಲಸಂಡೆಯ ಬೀಜ ವಸಂತಕ್ಕನ ತಾಯಿಯದು. ಮೊಳ ಉದ್ದದ ಕಾಯಿ, ಕಂದು ಬೀಜ, ಬೀಜದ ಹೊಟ್ಟೆಯ ಮೇಲೊಂದು ಬಿಳಿ ಚುಕ್ಕೆ. ಊರಿನ ಗದ್ದೆಯಲ್ಲಿ ಈಗ ಸೈಟುಗಳ ಕಲ್ಲು ನೆಟ್ಟಿದ್ದಾರಂತೆ, ಅಲ್ಲಿ ಯಾರ ಬಳಿಯೂ ಆ ಬೀಜ ಉಳಿದಿಲ್ಲ. ಹಿಂದಿನ ವರ್ಷ ಮಗಳ ಬಾಣಂತನಕ್ಕೆ ಹೋಗಿದ್ದರಿಂದ ವಸಂತಕ್ಕ ಬಿತ್ತಿರಲಿಲ್ಲ. ಇನ್ನೂ ಒಂದು ವರ್ಷ ಇಟ್ಟರೆ ಮೊಳೆಯುವುದು ಅನುಮಾನವೆಂದು, ಡಬ್ಬಿಯ ತಳದಲ್ಲಿದ್ದ ಬೀಜವನ್ನೆಲ್ಲ ಆ ಜೂನಿನಲ್ಲಿ ಒಟ್ಟಿಗೇ ಹಾಕಿಬಿಟ್ಟಿದ್ದರು. ಕಾಯಿ ಬಳ್ಳಿಯಲ್ಲೇ ಒಣಗಿ ಬೀಜ ಕೈಗೆ ಬರಲು ನವರಾತ್ರಿಯ ಬಿಸಿಲು ಬೇಕು. ಅಲ್ಲಿಯವರೆಗೆ ಆ ಹನ್ನೊಂದು ಡಬ್ಬಗಳೇ ಆ ತಳಿಯ ಇಡೀ ಪ್ರಪಂಚ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ತಿಳಿದಿದ್ದರೂ ಆಗ ನಾನು, ಭಾವನೆ ಪುರಾವೆಯಲ್ಲ ಎನ್ನುತ್ತಿದ್ದೆ.

ಜೂನ್ ಕೊನೆಯ ಭಾನುವಾರ ಕೆಳಗೆ ಪಾರ್ಕಿಂಗಿನಲ್ಲಿ ಸೊಸೈಟಿಯ ಮೀಟಿಂಗ್. ಸೆಕ್ರೆಟರಿ ಜೋಶಿ ಕಾಕಾ ಕುರ್ಚಿ ಹಾಕಿಸಿದ್ದರು. ಅಪ್ಪ ನನ್ನ ಬೆನ್ನಿಗೆ ಕೈ ಇಟ್ಟು, "ನೀನs ಮಾತಾಡವ್ವಾ, ನನ್ನ ಮರಾಠಿ ಕೇಳಿದ್ರ ನಮ್ಮ ಪರ ಇದ್ದವರೂ ಆ ಕಡೆ ಹೋಗತಾರ" ಎಂದರು. ನಾನು ಎದ್ದೆ. ಅರ್ಧ ಮರಾಠಿ, ಅರ್ಧ ಹಿಂದಿಯಲ್ಲಿ ಮೂರು ಅಂಶ ಹೇಳಿದೆ. ಬೇರಿಗೆ ಕಣ್ಣಿಲ್ಲ, ಆದರೆ ಹಲ್ಲಿದೆ. ಅದು ಸ್ಲ್ಯಾಬನ್ನು ಕಚ್ಚುತ್ತದೆ ಎಂದೆ. ಚಪ್ಪಾಳೆ ಬಿತ್ತು.

ವಸಂತಕ್ಕ ಕುಳಿತಲ್ಲಿಂದಲೇ ಕನ್ನಡದಲ್ಲಿ ಕೇಳಿದರು. "ಅಲಸಂಡೆ ಬೇರು ನೋಡಿದ್ದೀಯಾ ನೀನು?"

"ನೋಡಬೇಕಾಗಿಲ್ಲ ಅಕ್ಕಾ, ಅದರ ಪರಿಣಾಮ ನಮ್ಮ ಕಪಾಟಿನ ಮೇಲೆ ದಿನಾ ಕಾಣ್ತದೆ."

ಮತ್ತೆ ನಗು, ಮತ್ತೆ ಚಪ್ಪಾಳೆ. ಡಬ್ಬಗಳನ್ನು ಒಂದು ವಾರದಲ್ಲಿ ಕೆಳಗಿಳಿಸಬೇಕು ಎಂದು ಜೋಶಿ ಕಾಕಾ ಬರೆಯಲು ಹೊರಟರು. ಆಗ ವಸಂತಕ್ಕನ ಮುಖ ನೋಡಿದೆ. ವಾದದಲ್ಲಿ ಸೋತವರ ಮುಖ ನನಗೆ ಹೊಸದಲ್ಲ. ಇದು ಬೇರೆ ಥರ ಇತ್ತು. ಗೆದ್ದವಳ ಔದಾರ್ಯ ತೋರಿಸೋಣವೆಂದು ನಾನೇ ಒಂದು ರಾಜಿ ಮುಂದಿಟ್ಟೆ. ಡಬ್ಬಗಳು ಅಕ್ಟೋಬರಿನವರೆಗೆ ಇರಲಿ, ಆದರೆ ಅವುಗಳಿಂದ ಒಂದು ಹನಿ ನೀರೂ ಸ್ಲ್ಯಾಬಿಗೆ ಇಳಿಯಬಾರದು. ತಳದ ತೂತುಗಳನ್ನು ಎಂ-ಸೀಲ್ ಹಾಕಿ ಮುಚ್ಚಬೇಕು.

"ನೀರು ಹೋಗ್ಲಿಕ್ಕೆ ದಾರಿ ಬೇಡ್ವಾ ಮಾರಾಯ್ತಿ?" ಎಂದರು ವಸಂತಕ್ಕ.

"ನಿಮ್ಮ ಊರಲ್ಲಿ ಭತ್ತ ತಿಂಗಳುಗಟ್ಟಲೆ ನೀರಿನಲ್ಲೇ ನಿಲ್ಲೋದಿಲ್ವಾ?"

ಇದನ್ನು ನಾನೇ ಮರಾಠಿಗೆ ಅನುವಾದಿಸಿ ಸಭೆಗೂ ಹೇಳಿದೆ. ಎಲ್ಲರೂ ತಲೆದೂಗಿದರು. ಭತ್ತಕ್ಕೂ ಅಲಸಂಡೆಗೂ ಏನು ಸಂಬಂಧ ಎಂದು ಕೇಳುವ ಒಬ್ಬ ಎದುರಾಳಿ ಅಲ್ಲಿರಲಿಲ್ಲ. ವಸಂತಕ್ಕ ಕೇಳಬಹುದಿತ್ತು. ಆದರೆ ಕೇಳಿದರೆ ರಾಜಿ ಮುರಿಯುತ್ತದೆ, ಡಬ್ಬ ಕೆಳಗಿಳಿಯುತ್ತದೆ. "ಆಯ್ತು" ಎಂದರು. ಎಲ್ಲರಿಗೂ ಸಮ್ಮತವಾದ ನಿರ್ಣಯ ಎಂದು ಕಾಕಾ ಬರೆದುಕೊಂಡರು. ಗಿಡಗಳನ್ನು ಯಾರೂ ಕೇಳಿರಲಿಲ್ಲ.

ಜುಲೈಯಲ್ಲಿ ಮೂರು ದಿನ ಬಿಟ್ಟೂಬಿಡದೆ ಸುರಿಯಿತು. ಕಲ್ಯಾಣದ ಆಚೆ ಹಳಿ ಮುಳುಗಿ ಲೋಕಲ್ ನಿಂತಿತು, ಕಾಲೇಜಿಗೆ ರಜೆ. ನಾಲ್ಕನೇ ದಿನ ಬೆಳಿಗ್ಗೆ ಅವ್ವನ ಬಟ್ಟೆಹಗ್ಗ ಬಿಗಿದು ಬರಲು ಮೇಲೆ ಹೋದೆ. ಹನ್ನೊಂದು ಡಬ್ಬಗಳಲ್ಲೂ ನೀರು ಅಂಚಿಗೆ ಸಮನಾಗಿ ನಿಂತಿತ್ತು. ಬಳ್ಳಿಗಳ ಎಲೆಗಳು ಹಳದಿಯಾಗಿ ಜೋತುಬಿದ್ದಿದ್ದವು, ಮೇ ತಿಂಗಳ ಬಿಸಿಲಿನಲ್ಲಿ ನೀರು ಕಾಣದೆ ಒಣಗುವ ಹಾಗೆ. ನೀರಿನಲ್ಲಿ ಕತ್ತಿನವರೆಗೆ ನಿಂತು ಬಾಯಾರಿ ಬಾಡುತ್ತಿದ್ದವು.

ವಸಂತಕ್ಕ ಆಗಲೇ ಅಲ್ಲಿದ್ದರು. ಒಂದು ಗಿಡವನ್ನು ಹಿಡಿದೆತ್ತಿದರು. ಅದು ಹಿಡಿತವೇ ಇಲ್ಲದಂತೆ ಮೇಲೆ ಬಂತು. ಬೇರು ಕಪ್ಪಗೆ, ಲೋಳೆಯಾಗಿ, ಸಿಪ್ಪೆ ಬಿಟ್ಟಿತ್ತು. ಆ ವಾಸನೆ ಮೂಗಿಗೆ ಬಡಿಯಿತು.

"ಇಕಾ," ಎಂದು ಅದನ್ನು ನನ್ನ ಅಂಗೈಯಲ್ಲಿಟ್ಟರು. "ಬೇರು ನೋಡಿರ್ಲಿಲ್ಲ ಅಲ್ವಾ? ನೋಡು. ಹಲ್ಲು ಎಲ್ಲಿ ಉಂಟು, ತೋರಿಸು ನಂಗೆ."

ಬೈದಿದ್ದರೆ ತಿರುಗಿ ಮಾತಾಡುತ್ತಿದ್ದೆ. ಅವರು ಬೈಯಲಿಲ್ಲ. ಎರಡನೇ ಡಬ್ಬದ ಕಡೆ ಹೋದರು.

ಮಾರನೆಯ ದಿನ ಲೋಕಲ್ ಶುರುವಾದ ಕೂಡಲೇ ಕಾಲೇಜಿನ ಲೈಬ್ರರಿಯಲ್ಲಿ ಸಸ್ಯಶಾಸ್ತ್ರದ ಕಪಾಟಿನ ಮುಂದೆ ಕೂತೆ. ಮೂರು ವರ್ಷದಲ್ಲಿ ಆ ಸಾಲಿಗೆ ಕಾಲಿಟ್ಟಿರಲಿಲ್ಲ. ಬೇರೂ ಉಸಿರಾಡುತ್ತದಂತೆ. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿರುವ ಗಾಳಿಯೇ ಅದಕ್ಕೆ ಗತಿ. ನೀರು ನಿಂತರೆ ಸಂದಿಯೆಲ್ಲ ತುಂಬಿ ಬೇರು ಉಸಿರುಗಟ್ಟುತ್ತದೆ, ನೀರೆಳೆಯುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಮೇಲೆ ಎಲೆ ಬಾಡುವುದು ಅದಕ್ಕೇ. ಭತ್ತ ತನ್ನ ಬೇರಿಗೆ ಮೇಲಿನಿಂದ ಗಾಳಿಯ ಕೊಳವೆ ಇಳಿಸಿಕೊಂಡೇ ಬೆಳೆಯುತ್ತದೆ. ದ್ವಿದಳ ಧಾನ್ಯದ ಹೆಚ್ಚಿನ ಗಿಡಗಳಿಗೆ ಆ ಸಿದ್ಧತೆ ಹುಟ್ಟಿನಿಂದ ಇರುವುದಿಲ್ಲ. ಅಂದರೆ ಮೀಟಿಂಗಿನಲ್ಲಿ ನಾನು ಕೊಟ್ಟ ಹೋಲಿಕೆ ಶುದ್ಧ ಸುಳ್ಳು. ಇನ್ನೊಂದು ವಿಷಯವಿತ್ತು. ಅಲಸಂಡೆ, ತೊಗರಿ, ಕಡಲೆಯಂಥ ಗಿಡಗಳ ಬೇರಿನಲ್ಲಿ ಗಂಟುಗಳಿರುತ್ತವೆ, ಅವುಗಳೊಳಗಿನ ಸೂಕ್ಷ್ಮಜೀವಿಗಳು ಗಾಳಿಯಿಂದ ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತವೆ. ಗಂಟಿನ ಒಳಗು ಗುಲಾಬಿ ಬಣ್ಣವಾಗಿದ್ದರೆ ಕೆಲಸ ನಡೆದಿದೆ, ಬೂದು ಬಣ್ಣಕ್ಕೆ ತಿರುಗಿದ್ದರೆ ಮುಗಿದಿದೆ.

ಪುಸ್ತಕ ಹೇಳಿತೆಂದು ನಂಬುವವಳು ನಾನಲ್ಲ. ಅಪ್ಪನ ಶೇವಿಂಗ್ ಬ್ಲೇಡ್ ಒಯ್ದೆ. ಸತ್ತ ಗಿಡದ ಗಂಟು ಕೊಯ್ದೆ, ಬೂದು. ಇನ್ನೂ ಹಸಿರಿದ್ದ ಒಂದು ಗಿಡದ ಬುಡ ಕೆದಕಿ, ಮೇಲುಮಣ್ಣಿನಲ್ಲಿದ್ದ ಸಾಸಿವೆಗಿಂತ ಸ್ವಲ್ಪ ದೊಡ್ಡ ಗಂಟನ್ನು ಕೊಯ್ದೆ. ಒಳಗೆ ಎಳೆಮಗುವಿನ ಒಸಡಿನ ಬಣ್ಣ.

"ಅಕ್ಕಾ, ಇದು ಬದುಕಿದೆ!" ಎಂದು ಕಿರುಚಿದೆ.

"ಬದುಕಿದ್ದನ್ನು ಕೊಯ್ದೆಯಲ್ಲ ಪಾಪಿ!" ಎಂದರು ವಸಂತಕ್ಕ. ಆಮೇಲೆ ತಾವೂ ಬಗ್ಗಿ, ಕನ್ನಡಕ ಮೇಲೇರಿಸಿ, ಬಹಳ ಹೊತ್ತು ನೋಡಿದರು. "ಇಷ್ಟು ವರ್ಷ ಬೆಳೆದೆ. ಒಳಗೆ ಇಷ್ಟು ಚಂದ ಉಂಟು ಅಂತ ಗೊತ್ತೇ ಇರ್ಲಿಲ್ಲ."

ಸೀಲ್ ಒಡೆದುಬಿಡೋಣ ಎಂದೆ. ಅವರು ಒಪ್ಪಲಿಲ್ಲ. "ಸಭೆಯಲ್ಲಿ ಹೂಂ ಅಂದಾಗಿದೆ. ಕದ್ದು ತೂತು ಮಾಡಿದ್ರೆ, ನಾಳೆ ಸೋರಿದ್ದೆಲ್ಲ ನಮ್ಮ ತಲೆಗೆ." ಜೋಶಿ ಕಾಕಾನ ಬಾಗಿಲು ತಟ್ಟಿದೆ. ನಿರ್ಣಯ ಬದಲಿಸಲು ಮೀಟಿಂಗೇ ಆಗಬೇಕು, ಮುಂದಿನ ಮೀಟಿಂಗ್ ಆಗಸ್ಟಿನ ಎರಡನೇ ಭಾನುವಾರ ಎಂದರು. ನಿಯಮದ ಪ್ರಕಾರ ಅವರ ಮಾತು ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಇನ್ನೂ ಕೋಪ.

ಲೋಕದಲ್ಲಿ ಎಲ್ಲರೂ ಗಿಡಕ್ಕೆ ನೀರು ಹಾಕುತ್ತಾರೆ, ನಾವು ತೆಗೆಯತೊಡಗಿದೆವು. ಬೆಳಿಗ್ಗೆ ಆರಕ್ಕೆ ನಾನು ಸ್ಟೀಲ್ ಲೋಟ ಹಿಡಿದು ಮೇಲೆ. ಡಬ್ಬದ ಒಂದು ಬದಿಗೆ ಇಟ್ಟಿಗೆ ಕೊಟ್ಟು ಓರೆ ಮಾಡುವುದು, ಮೂಲೆಗೆ ಬಂದ ನೀರನ್ನು ಮೊಗೆದು ಬಕೆಟ್ಟಿಗೆ, ಬಕೆಟ್ ಹೊತ್ತು ಮೋರಿ ಪೈಪಿಗೆ. ಒಂದು ಹನಿ ಸ್ಲ್ಯಾಬಿಗೆ ಬೀಳಬಾರದು, ಒಪ್ಪಂದ. ನಾನೇ ಬರೆದ ಷರತ್ತನ್ನು ನಾನೇ ಬೆನ್ನು ಬಗ್ಗಿಸಿ ಪಾಲಿಸುತ್ತಿದ್ದೆ. ಮಳೆ ಮಧ್ಯಾಹ್ನ ಮತ್ತೆ ತುಂಬಿಸುತ್ತಿತ್ತು. ವಸಂತಕ್ಕ ಸಂಜೆಯ ಪಾಳಿ ಮಾಡುತ್ತಿದ್ದರು, ಮಂಡಿ ನೋವೆಂದು ಪ್ರತಿ ಮಹಡಿಯಲ್ಲಿ ನಿಂತು ತುಳುವಿನಲ್ಲಿ ಏನೋ ಗೊಣಗುತ್ತಾ. ನನ್ನ ಬಗ್ಗೆಯೇ ಇರಬೇಕು, ಅರ್ಥ ಕೇಳಲು ಧೈರ್ಯವಾಗಲಿಲ್ಲ.

ಒಂದು ಭಾನುವಾರ ಅಪ್ಪ ಛತ್ರಿ ಹಿಡಿದು ನೋಡಲು ಬಂದರು.

"ಇದೇನು ವಿಪರೀತ? ನಮ್ಮ ಕಡೆ ಕಡ್ಲಿಗೆ ಯಾರೂ ನೀರs ಹಾಕೂದಿಲ್ಲ. ಮಳಿ ನಿಂತ ಮ್ಯಾಲ ಎರಿ ಹೊಲದಾಗ ಬಿತ್ತತೀವಿ. ಮ್ಯಾಲ ಭೂಮಿ ಬಿರಕ ಬಿಟ್ಟಿರತೈತಿ. ಬೇರು ತಳದಾಗಿನ ಹಸಿ ಹುಡಿಕ್ಕೊಂಡು ತಾನs ಇಳೀತದ. ಬೇರು ಅಂದ್ರ ಕೆಳಗ ಹೋಗೂದು."

"ನಿಮ್ಮಲ್ಲಿ ಕೆಳಗೆ ನೀರುಂಟು, ಹಾಗಾಗಿ ಕೆಳಗೆ ಹೋಗ್ತದೆ," ಎಂದರು ವಸಂತಕ್ಕ. "ಇಲ್ಲಿ ಕೆಳಗೆ ಎಂತ ಉಂಟು ಹೇಳಿ, ಎಂ-ಸೀಲ್!"

"ಬೇರು ಮ್ಯಾಲ ಬರತೈತಿ ಅಂತೀರೇನು ಹಂಗಾದ್ರ? ಎಲ್ಲೀ ಮಾತು!"

ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ವಾರವೇ. ಆ ಹೊತ್ತಿಗೆ ಏಳು ಡಬ್ಬಗಳು ಸತ್ತಿದ್ದವು, ನಾಲ್ಕು ಉಳಿದಿದ್ದವು. ಉಳಿದ ಒಂದರ ಬುಡವನ್ನು ಬೆರಳಲ್ಲಿ ಸವರಿದಾಗ ಏನೋ ತರಿತರಿ ತಾಕಿತು. ಬಗ್ಗಿ ನೋಡಿದರೆ ನೀರು ನಿಲ್ಲುವ ಮಟ್ಟಕ್ಕೆ ಸರಿಯಾಗಿ, ಕಾಂಡದ ಸುತ್ತ, ಅಕ್ಕಿನುಚ್ಚಿನಂಥ ಬಿಳಿ ಮೊಳಕೆಗಳು. ಎರಡು ದಿನದಲ್ಲಿ ಅವು ಶಾವಿಗೆಯಷ್ಟು ಉದ್ದವಾದವು. ಬೇರುಗಳು! ಕೆಳಗಿನ ಬೇರು ಉಸಿರುಗಟ್ಟಿ ಸಾಯುತ್ತಿದ್ದರೆ, ಗಿಡ ಅದನ್ನು ಬಿಟ್ಟುಕೊಟ್ಟು ಗಾಳಿ ಇರುವಲ್ಲಿಗೆ ಹೊಸ ಬೇರು ಇಳಿಸಲು ಹೊರಟಿತ್ತು. ಇಳಿಸಲು ಎನ್ನುವುದು ತಪ್ಪು. ಅಡ್ಡಕ್ಕೆ, ಮಣ್ಣಿನ ನೆತ್ತಿಯ ಮೇಲೇ, ನೀರು ಗಾಳಿ ಕೂಡುವ ಗೆರೆಯಗುಂಟ ಅವು ಹರಡುತ್ತಿದ್ದವು. ಕಾಂಡದ ಬುಡ ಊದಿಕೊಂಡು ಸ್ಪಂಜಿನಂತಾಗಿತ್ತು. ಒಂದು ಬೇರಿನೆಳೆ ಕಿತ್ತು ಗಾಜಿನ ಲೋಟದ ನೀರಿನಲ್ಲಿ ಅದುಮಿದೆ. ಸಣ್ಣ ಗುಳ್ಳೆಗಳು ಎದ್ದವು. ಗಿಡ ತನ್ನೊಳಗೆ ಗಾಳಿ ಸಾಗಿಸುವ ದಾರಿಯನ್ನು, ಹುಟ್ಟಿನಲ್ಲಿ ಇಲ್ಲದ್ದನ್ನು, ಈ ಎರಡು ವಾರದಲ್ಲಿ ಮಾಡಿಕೊಂಡಿತ್ತು.

ಅಪ್ಪನನ್ನು ಎಳೆದುಕೊಂಡು ಬಂದು ತೋರಿಸಿದೆ. ಅವರು ಬಗ್ಗಿ ನೋಡಿ, "ಭಪ್ಪರೇ ಮಗನ" ಎಂದರು. ಗಿಡಕ್ಕೆ ಹೇಳಿದ್ದು. ವಸಂತಕ್ಕ ಸತ್ತ ಡಬ್ಬಗಳ ಮಣ್ಣನ್ನು ತೆಂಗಿನ ನಾರಿನೊಂದಿಗೆ ಬೆರೆಸಿ, ಆ ಬಿಳಿ ಎಳೆಗಳ ಸುತ್ತ ಮಗುವಿಗೆ ಹೊದಿಸುವ ಹಾಗೆ ಸಡಿಲವಾಗಿ ಏರಿಸಿದರು. ಒಂದು ವಾರದಲ್ಲಿ ತುದಿಯಲ್ಲಿ ಹೊಸ ಎಲೆ ಬಂತು, ಎಣ್ಣೆ ಸವರಿದಂಥ ಹಸಿರು.

ಈ ನಡುವೆ ನಮ್ಮ ಕಪಾಟಿನ ಮೇಲಿನ ಸೋರಿಕೆ ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ತೂತು ಮುಚ್ಚಿದ್ದರೂ ಸೋರುವುದೆಂದರೆ ಬೇರು ಆಗಲೇ ಸ್ಲ್ಯಾಬಿನೊಳಗೆ ಹೋಗಿದೆ, ಇನ್ನು ಡಬ್ಬ ತೆಗೆಸುವುದೇ ದಾರಿ ಎಂದು ಜೋಶಿ ಕಾಕಾ ಹೇಳತೊಡಗಿದರು. ನನ್ನದೇ ವಾದ, ನನ್ನದೇ ಹಲ್ಲಿನ ಮಾತು, ಈಗ ಅವರ ಬಾಯಲ್ಲಿ. ಬಚ್ಚಲಿನಿಂದ ಬಟ್ಟೆಗೆ ಹಾಕುವ ನೀಲಿಯ ಬಾಟಲಿ ತೆಗೆದುಕೊಂಡು ಮೇಲೆ ಹೋದೆ. ಡಬ್ಬಗಳಿಂದ ಮೂರು ಹೆಜ್ಜೆ ಆಚೆ, ಡಿಶ್ ಆಂಟೆನಾದ ಕಾಲಿನ ಸುತ್ತ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತಿತ್ತು. ಬಾಟಲಿಯನ್ನು ಪೂರ್ತಿ ಅಲ್ಲಿ ಸುರಿದೆ.

ಮಾರನೆಯ ಬೆಳಿಗ್ಗೆ ಅಪ್ಪ ಹಲ್ಲುಜ್ಜುವ ಬ್ರಶ್ ಬಾಯಲ್ಲಿಟ್ಟುಕೊಂಡೇ ಕಪಾಟಿನ ಮೇಲಿನ ಬಕೆಟ್ ಇಳಿಸಿದರು. ನೀರು ಕಡುನೀಲಿ.

"ಅಪ್ಪಾ, ಡಿಶ್ಶಿನ ಬೋಲ್ಟು."

ಅಪ್ಪ ಬ್ರಶ್ ತೆಗೆದರು. ಆ ಡಿಶ್ ಅವರದು. ಕನ್ನಡ ಚಾನೆಲ್ ಸರಿಯಾಗಿ ಬರಲಿ ಎಂದು ಹಿಂದಿನ ದೀಪಾವಳಿಗೆ ತಾವೇ ಮುಂದೆ ನಿಂತು ಹಾಕಿಸಿದ್ದು.

"ಗಾಳಿಗೆ ಬೀಳಬಾರದಂತ ಆಳಕ್ಕ ಕೊರೀಸೀನಿ," ಎಂದರು ಮೆಲ್ಲಗೆ.

"ಗೊತ್ತು."

"ಯಾರಿಗೂ ಹೇಳಬ್ಯಾಡ."

"ಅಪ್ಪಾ!"

"ಹೇಳತೀ. ನನಗ ಗೊತ್ತೈತಿ. ಡಿಶ್ಶಿಗೆ ನಾಕು ಬೋಲ್ಟ್ ಹಾಕ್ಸಿದೆ, ನಿನ್ನ ನಾಲಿಗಿಗೆ ಒಂದು ಹಾಕ್ಸಲಿಲ್ಲ."

ಆಗಸ್ಟಿನ ಎರಡನೇ ಭಾನುವಾರ, ಅದೇ ಪಾರ್ಕಿಂಗ್, ಅದೇ ಕುರ್ಚಿಗಳು. ನನ್ನ ಹಿಂದಿನ ಭಾಷಣವನ್ನು ಖಂಡಿಸಲು ನಾನೇ ಎದ್ದು ನಿಂತೆ. ಒಂದು ಕೈಯಲ್ಲಿ ನೀಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಕಪ್ಪು ಬೇರು. ಭತ್ತದ ಹೋಲಿಕೆ ಸುಳ್ಳು ಎಂದೆ. ಹಲ್ಲಿನ ಮಾತು ಬರೀ ಮಾತು ಎಂದೆ. ಡಿಶ್ ಯಾರದು ಎಂಬಲ್ಲಿಗೆ ಬಂದಾಗ ಮಾತ್ರ ಅಪ್ಪನ ಕಡೆ ನೋಡಿದೆ. ಅಪ್ಪ ತಾವೇ ಎದ್ದು, ತಮ್ಮ ಭಯಂಕರ ಮರಾಠಿಯಲ್ಲಿ, ಡಿಶ್ ತನ್ನದು, ತೂತು ತನ್ನದು, ಮಗಳೂ ತನ್ನವಳೇ, ಮೂರಕ್ಕೂ ಕ್ಷಮೆ ಇರಲಿ ಎಂದರು. ಪಾರ್ಕಿಂಗ್ ತುಂಬ ನಗು. ಜೋಶಿ ಕಾಕಾ ಪೆನ್ನು ಎತ್ತಿ ಹಿಡಿದು, "ಅಶ್ವಿನಿ, ರಜಿಸ್ಟರಿನಲ್ಲಿ ಯಾವ ಅಶ್ವಿನಿಯ ಮಾತು ಬರೆಯಲಿ, ಜೂನ್‌ದೋ ಆಗಸ್ಟ್‌ದೋ?" ಎಂದು ಮರಾಠಿಯಲ್ಲಿ ಕೇಳಿದರು.

"ಆಗಸ್ಟ್‌ದು ಕಾಕಾ. ಅವಳು ಬೇರು ನೋಡಿದ್ದಾಳೆ."

ಮೀಟಿಂಗ್ ಮುಗಿದದ್ದೇ ಅರ್ಧ ಕಟ್ಟಡ ಮೇಲೆ ಹತ್ತಿತು. ವಸಂತಕ್ಕ ಕಬ್ಬಿಣದ ಸಲಾಕೆಯನ್ನು ಗ್ಯಾಸಿನ ಮೇಲೆ ಕಾಯಿಸಿ ತಂದಿದ್ದರು. ನಾನು ಡಬ್ಬ ಓರೆ ಮಾಡಿ ಹಿಡಿದೆ, ಜೋಶಿ ಕಾಕಾ ಇನ್ನೊಂದು ಬದಿ ಹಿಡಿದರು. ಸಲಾಕೆ ಒಳಹೋದದ್ದೇ ಬುಸ್ಸೆಂದು ನೀರು ಚಿಮ್ಮಿ ಅವರ ಇಸ್ತ್ರಿ ಪ್ಯಾಂಟು ಮೊಣಕಾಲಿನವರೆಗೆ ತೊಯ್ದುಹೋಯಿತು. ವಸಂತಕ್ಕ ನಗು ತಡೆಯಲಾರದೆ ನೀರಿನ ಟಾಕಿಗೆ ಒರಗಿ ನಿಂತರು. ಜೂನಿನಿಂದ ಅವರು ನಕ್ಕಿದ್ದು ಅದೇ ಮೊದಲು.

ನವರಾತ್ರಿಯ ಬಿಸಿಲಿಗೆ ಕಾಯಿ ಒಣಗಿ, ಗಾಳಿ ಬಂದರೆ ಬಳ್ಳಿಯಲ್ಲೇ ಗಿಲಿಗಿಲಿ ಸದ್ದು. ಮೊರದಲ್ಲಿ ಬಿಡಿಸಿದೆವು. ನಾಲ್ಕೇ ಡಬ್ಬಗಳಿಂದ ಮೂರು ಹಿಡಿ. ವಸಂತಕ್ಕ ಒಂದು ಹಿಡಿ ತಾವು ಇಟ್ಟುಕೊಂಡರು, ಒಂದನ್ನು ವಿಠ್ಠಲವಾಡಿಯಲ್ಲಿದ್ದ ಮಗಳ ಮನೆಗೆ ಎತ್ತಿಟ್ಟರು, ಮೂರನೆಯದನ್ನು ನನ್ನ ಕೈಗೆ ಸುರಿದರು. "ಒಂದೇ ಮನೆಯಲ್ಲಿ ಇಟ್ಟು ಬುದ್ಧಿ ಬಂತು ನಂಗೆ. ನೀರಲ್ಲಿ ನಿಂತು ಗೆದ್ದ ಬೀಜ ಇದು, ಹಾಳು ಮಾಡ್ಬೇಡ."

ಅಲ್ಲಿಗೆ ಸುಮ್ಮನಿರಬೇಕಿತ್ತು. "ಗೆದ್ದದ್ದು ಬೀಜದ ಗುಣದಿಂದ ಅಂತ ಪುರಾವೆ ಏನಕ್ಕಾ? ಆ ನಾಲ್ಕು ಡಬ್ಬ ಟಾಕಿಯ ಮರೆಗಿದ್ದವು. ಮಳೆಯೇ ಕಡಿಮೆ ಬಿದ್ದಿರಬಹುದು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಾಗಾದ್ರೆ ನೀನೇ ಬಿತ್ತಿ ನೋಡು."

ಅಂದಿನಿಂದ ಪ್ರತಿ ಜೂನಿಗೆ ಬಿತ್ತುತ್ತೇನೆ. ಹತ್ತು ಗಿಡ ಸುಖವಾಗಿ, ಐದು ಗಿಡ ತೂತು ಮುಚ್ಚಿದ ಡಬ್ಬಗಳಲ್ಲಿ, ಎಲ್ಲವೂ ಬಯಲು ಮಳೆಗೆ. ಜುಲೈಯಲ್ಲಿ ಏಳು ದಿನ ನೀರು ಕಟ್ಟಿ, ಆಮೇಲೆ ಬಿಡುವುದು. ಒಂದು ವರ್ಷ ಐದರಲ್ಲಿ ನಾಲ್ಕು ಬದುಕಿದವು, ಇನ್ನೊಂದು ವರ್ಷ ಒಂದೇ. ಈಗ ನನ್ನ ನೌಕರಿ ಬೇಲಾಪುರದ ಒಂದು ಆಫೀಸಿನಲ್ಲಿ, ದಿನಾ ಠಾಣೆಯಲ್ಲಿ ಗಾಡಿ ಬದಲಿಸಿ ಹೋಗಿಬರುತ್ತೇನೆ. ನಡುವೆ ದಿವಾ.

ಕಳೆದ ವಾರ, ಓಢಣಿಯಾಕೆ ಪ್ರಶ್ನೆ ಕೇಳಿದ ದಿನವೇ, ಈ ವರ್ಷ ಡಬ್ಬಗಳಲ್ಲಿ ನೀರು ಕಟ್ಟಿದ ಏಳನೇ ದಿನವಾಗಿತ್ತು. ಸಂಜೆ ಮನೆಗೆ ಬಂದು ಬ್ಯಾಗನ್ನೂ ಇಳಿಸದೆ ಮೇಲೆ ಹೋದರೆ, ವಸಂತಕ್ಕ ಮಣೆ ಹಾಕಿ ಡಬ್ಬಗಳ ಮುಂದೆ ಕೂತಿದ್ದರು. ಪಕ್ಕದಲ್ಲಿ ಸಲಾಕೆ.

"ಎಷ್ಟು?" ಎಂದೆ.

"ಮೂರು. ಬಿಳಿ ಬೇರು ಬಂದಾಯ್ತು. ಮುಟ್ಟಿ ನೋಡು, ನನ್ನ ಮಾತು ನಂಬುವವಳಾ ನೀನು?"

ಮುಟ್ಟಿ ನೋಡಿದೆ. ಅಕ್ಕಿನುಚ್ಚು. "ಆದರೂ ಸಾಬೀತಾದಂತಲ್ಲ ಅಕ್ಕಾ."

"ಆಗದಿದ್ರೇ ಒಳ್ಳೇದು ಮಾರಾಯ್ತಿ. ಸಾಬೀತಾದ ಮೇಲೆ ನೀನು ಇಲ್ಲಿಗೆ ಹತ್ತಿ ಬರ್ಲಿಕ್ಕಿಲ್ಲ."

ಬ್ಯಾಗನ್ನು ಕೆಳಗಿಟ್ಟೆ. ಡಬ್ಬವನ್ನು ಓರೆ ಮಾಡಿ ಹಿಡಿದೆ. ಅವರು ಸಲಾಕೆ ಒತ್ತಿದರು. ಖಾಡಿಯ ವಾಸನೆ ಟೆರೇಸಿನ ತುಂಬ ಹರಡಿತು, ಕೆಳಗಿನ ಕಿಟಕಿಯಿಂದ ಅಪ್ಪನ ದನಿ ಕೇಳಿತು.

"ಅಶ್ವೀ, ನೀರು ಬಿಟ್ರೇನು? ಕಪಾಟಿನ ಮ್ಯಾಲ ಬಕೆಟ್ ಇಡ್ಲ್ಯಾ, ಬ್ಯಾಡಾ?"